ಅಜೀರ್ಣಕ್ಕೆ ಬೆನ್ನಿಗೆ ಯಾಕೆ ಸೂಜಿ? ಬಿಎಲ್ 20 ಬಗ್ಗೆ ಗೊತ್ತಿರುವವರು ಹೇಳಿ

ಅರೆಹೊಟ್ಟೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಏಳೆಂಟು ತಿಂಗಳಿಂದ ನನಗೆ ಊಟ ಸೇರುತ್ತಿಲ್ಲ. ಹಸಿವಾಗುತ್ತದೆ, ಆಸೆಯಿಂದಲೇ ಕೂರುತ್ತೇನೆ, ನಾಲ್ಕು ತುತ್ತಿಗೆ ಹೊಟ್ಟೆ ತುಂಬಿಬಿಡುತ್ತದೆ. ಆಮೇಲೆ ಎರಡು ಮೂರು ಗಂಟೆ ಎದೆಗೂಡಿನ ಕೆಳಗೆ ಕಲ್ಲು ಇಟ್ಟ ಹಾಗೆ ಭಾರ. ತೇಗು ಬರುತ್ತದೆ, ಬಂದರೂ ಹಗುರ ಆಗುವುದಿಲ್ಲ. ಎಂಡೋಸ್ಕೋಪಿ ಆಯಿತು, ಹೊಟ್ಟೆ ಸ್ಕ್ಯಾನಿಂಗ್ ಆಯಿತು, ರಕ್ತ ಪರೀಕ್ಷೆ ಆಯಿತು. ಹುಣ್ಣು ಇಲ್ಲ, ಹುಣ್ಣು ತರುವ ಎಚ್. ಪೈಲೋರಿ ಬ್ಯಾಕ್ಟೀರಿಯಾನೂ ಇಲ್ಲ. ಡಾಕ್ಟರು ‘ಫಂಕ್ಷನಲ್ ಡಿಸ್‌ಪೆಪ್ಸಿಯಾ’ ಅಂತ, ಅಂದರೆ ಪರೀಕ್ಷೆಯಲ್ಲಿ ಕಾರಣ ಸಿಗದ ಅಜೀರ್ಣ ಅಂತ ಬರೆದು ಮಾತ್ರೆ ಕೊಟ್ಟರು. ಅರ್ಧ ಕಮ್ಮಿ ಆಗಿದೆ, ಇನ್ನರ್ಧ ಹಾಗೇ ಇದೆ.

ಪರಿಚಯದವರೊಬ್ಬರು ಹೇಳಿದರು ಅಂತ ಅಕ್ಯುಪಂಕ್ಚರ್‌ಗೆ ಹೋದೆ. ಹೊಟ್ಟೆಗೋ ಕಾಲಿಗೋ ಚುಚ್ಚುತ್ತಾರೆ ಅಂದುಕೊಂಡಿದ್ದರೆ, ಬೋರಲು ಮಲಗಿಸಿ ಬೆನ್ನಿನ ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಬೆನ್ನುಮೂಳೆಯ ಎರಡೂ ಪಕ್ಕ ಸೂಜಿ ಹಾಕಿದರು. ಚೀಟಿಯಲ್ಲಿ ‘ಬಿಎಲ್ 20’ ಅಂತ ಬರೆದಿದ್ದಾರೆ. ನಾಡಿ ಹಿಡಿದು, ನಾಲಿಗೆ ನೋಡಿ ‘ನಿಮ್ಮ ಸ್ಪ್ಲೀನ್ ವೀಕ್ ಆಗಿದೆ’ ಅಂದರು. ನನಗೆ ಗಾಬರಿ. ಮನೆಗೆ ಬಂದು ಸ್ಕ್ಯಾನಿಂಗ್ ರಿಪೋರ್ಟ್ ತೆಗೆದು ನೋಡಿದರೆ ಸ್ಪ್ಲೀನ್ ನಾರ್ಮಲ್ ಅಂತಲೇ ಇದೆ. ಇಬ್ಬರಲ್ಲಿ ಯಾರನ್ನು ನಂಬಲಿ?

ನಿಜ ಹೇಳಬೇಕೆಂದರೆ ಆವತ್ತು ರಾತ್ರಿ ಊಟ ಸ್ವಲ್ಪ ಸಲೀಸಾಗಿ ಇಳಿಯಿತು. ಅದಕ್ಕೇ ಕೇಳುತ್ತಿದ್ದೇನೆ. ಈ ಪಾಯಿಂಟ್ ಸರಿಯಾಗಿ ಎಲ್ಲಿದೆ? ತೊಂದರೆ ಮುಂದೆ ಇದ್ದರೆ ಹಿಂದೆ ಯಾಕೆ ಚುಚ್ಚುತ್ತಾರೆ? ಮನೆಯಲ್ಲೇ ಯಾರಾದರೂ ಬೆರಳಿಂದ ಒತ್ತಿದರೆ ನಡೆಯುತ್ತದಾ?

ಸೂಜಿಮೊನೆ

ನಾನು ಇದನ್ನು ಕಲಿತು ಮಾಡುತ್ತಿರುವವಳು, ಹಾಗಾಗಿ ನನ್ನ ಮಾತಲ್ಲಿ ಸ್ವಲ್ಪ ಪಕ್ಷಪಾತ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಮೊದಲು ಸ್ಪ್ಲೀನ್ ವಿಷಯ. ನೀವು ಇಬ್ಬರನ್ನೂ ನಂಬಬಹುದು, ಯಾಕೆಂದರೆ ಇಬ್ಬರೂ ಹೇಳುತ್ತಿರುವುದು ಒಂದೇ ಸ್ಪ್ಲೀನ್ ಬಗ್ಗೆ ಅಲ್ಲ. ಸ್ಕ್ಯಾನಿಂಗ್‌ನಲ್ಲಿ ಕಾಣುವುದು ಎಡಗಡೆ ಪಕ್ಕೆಲುಬಿನ ಒಳಗಿರುವ ಗುಲ್ಮ. ಹಳೆಯ ರಕ್ತಕಣಗಳನ್ನು ಸೋಸುವುದು, ಸೋಂಕಿನ ವಿರುದ್ಧ ಹೋರಾಡುವುದು ಅದರ ಕೆಲಸ. ಚೀನೀ ವೈದ್ಯದಲ್ಲಿ ‘ಪಿ’ ಅಂದರೆ ತಿಂದದ್ದನ್ನು ಅರಗಿಸಿ, ಅದರ ಸಾರವನ್ನು ಮೈಗೆಲ್ಲ ಸಾಗಿಸುವ ಇಡೀ ವ್ಯವಸ್ಥೆ. ಅದನ್ನು ಇಂಗ್ಲಿಷಿಗೆ ತರುವಾಗ ಸ್ಪ್ಲೀನ್ ಅಂತ ಮಾಡಿಬಿಟ್ಟರು, ಅಲ್ಲಿಂದ ಈ ಗೊಂದಲ ಶುರು. ಎಷ್ಟು ಜನ ನಿಮ್ಮ ಹಾಗೆ ರಿಪೋರ್ಟ್ ಹಿಡಿದುಕೊಂಡು ವಾಪಸ್ ಬರುತ್ತಾರೆ ಗೊತ್ತಾ! ‘ಸ್ಪ್ಲೀನ್ ವೀಕ್’ ಅಂದರೆ ನಮ್ಮ ಭಾಷೆಯಲ್ಲಿ ನಿಮ್ಮ ಜೀರ್ಣಶಕ್ತಿ ಕುಗ್ಗಿದೆ ಅಂತ, ಅಷ್ಟೇ. ಹಾಗೇ ಹೇಳಿದ್ದರೆ ಆಗುತ್ತಿತ್ತು.

ಈಗ ಬಿಎಲ್ 20. ಚೀನೀ ಹೆಸರು ಪಿಶು. ಬಿಎಲ್ ಅಂದರೆ ಬ್ಲ್ಯಾಡರ್, ಮೂತ್ರಕೋಶದ ಚಾನೆಲ್. ಚಾನೆಲ್ ಅಂದರೆ ಚೀನೀ ವೈದ್ಯದ ಪ್ರಕಾರ ಮೈಯಲ್ಲಿ ಶಕ್ತಿ ಹರಿಯುವ ದಾರಿ. ಅದರ ಮೇಲೆ 67 ಪಾಯಿಂಟ್ ಇವೆ, ಕಣ್ಣಿನ ಒಳಮೂಲೆಯಿಂದ ಶುರುವಾಗಿ ತಲೆ ಹತ್ತಿ, ಬೆನ್ನಿಳಿದು, ಕಾಲಿನ ಕಿರುಬೆರಳಿನವರೆಗೆ. ಬೆನ್ನಿನಲ್ಲಿ ಅದು ಎರಡು ಸಾಲಾಗಿ ಇಳಿಯುತ್ತದೆ. ಒಳಗಿನ ಸಾಲಿನಲ್ಲಿ ಒಂದೊಂದು ಅಂಗಕ್ಕೆ ಒಂದೊಂದು ‘ಶು’ ಪಾಯಿಂಟ್ ಇದೆ: ಒಂಬತ್ತನೇ ಎದೆಗಂಟಿನ (ಬೆನ್ನುಮೂಳೆಯ ಎದೆಭಾಗದ ಮಣಿಯ) ಪಕ್ಕ ಲಿವರ್‌ದು, ಹತ್ತನೆಯದರ ಪಕ್ಕ ಪಿತ್ತಕೋಶದ್ದು, ಹನ್ನೊಂದರ ಪಕ್ಕ ಈ ಪಿಶು, ಹನ್ನೆರಡರ ಪಕ್ಕ ಜಠರದ್ದು, ಅಂದರೆ ಬಿಎಲ್ 21. ಹೊಟ್ಟೆ ಭಾರಕ್ಕೆ 20 ಮತ್ತು 21 ಜೋಡಿಯಾಗಿ ಹಾಕುವುದು ಮಾಮೂಲಿ. ಜೊತೆಗೆ ಮೊಣಕಾಲಿನ ಕೆಳಗಿನ ಎಸ್‌ಟಿ 36, ಹೊಕ್ಕಳ ಮೇಲಿನ ಸಿವಿ 12 ಕೂಡ ಹಾಕುತ್ತಾರೆ. ನಿಮಗೆ ಮುಂದಿನ ಸಲ ಮಗ್ಗುಲು ಬದಲಿಸಿ ಹೊಟ್ಟೆಗೂ ಹಾಕಬಹುದು, ಗಾಬರಿ ಆಗಬೇಡಿ.

ಜಾಗ ಹುಡುಕುವುದು ಹೇಗೆ ಅಂದರೆ, ಕುರ್ಚಿಯಲ್ಲಿ ನೆಟ್ಟಗೆ ಕೂತು ಕೈ ಇಳಿಬಿಡಿ. ಹೆಗಲ ರೆಕ್ಕೆ ಮೂಳೆಯ ಕೆಳತುದಿ ಹೆಚ್ಚುಕಮ್ಮಿ ಏಳನೇ ಎದೆಗಂಟಿನ ಮಟ್ಟಕ್ಕೆ ಬರುತ್ತದೆ. ಅಲ್ಲಿಂದ ಬೆನ್ನುಮೂಳೆಯ ಉಬ್ಬುಗಳನ್ನು ಒಂದೊಂದಾಗಿ ಸವರುತ್ತಾ ನಾಲ್ಕು ಕೆಳಗೆ ಬಂದರೆ ಹನ್ನೊಂದು. ಆ ಉಬ್ಬಿನ ಕೆಳಗಿನ ಅಂಚಿನಿಂದ ಪಕ್ಕಕ್ಕೆ 1.5 ಸುನ್. ಸುನ್ ಅಂದರೆ ಸ್ಕೇಲಿನ ಅಳತೆ ಅಲ್ಲ, ಯಾರ ಬೆನ್ನೋ ಅವರದೇ ಬೆರಳಿನ ಅಳತೆ: ಹೆಬ್ಬೆರಳಿನ ಗಿಣ್ಣಿನ ಅಗಲ ಒಂದು ಸುನ್, ನಾಲ್ಕು ಬೆರಳು ಜೋಡಿಸಿದರೆ ಮೂರು. ತೋರುಬೆರಳು, ಮಧ್ಯದ ಬೆರಳು ಸೇರಿಸಿದರೆ ಒಂದೂವರೆ. ನಿಮ್ಮ ಬೆನ್ನಿನ ಮೇಲೆ ಇನ್ನೊಬ್ಬರ ಬೆರಳಿನಿಂದ ಅಳೆದರೆ ತಪ್ಪುತ್ತದೆ. ಇನ್ನೊಂದು ಗುರುತು: ಬೆನ್ನುಮೂಳೆಯ ಆಚೆ ಈಚೆ ಹಗ್ಗದ ಹಾಗೆ ಎದ್ದಿರುವ ಸ್ನಾಯು ಇದೆಯಲ್ಲ, ಅದರ ಏರಿನ ಮೇಲೇ ಕೂತಿರುತ್ತದೆ.

ಎಣಿಕೆ ತಪ್ಪಿತೇನೋ ಅಂತ ಅನುಮಾನ ಬಂದರೆ ಕೆಳಗಿನಿಂದಲೂ ಎಣಿಸಿ. ಸೊಂಟದ ಮೂಳೆಯ ಮೇಲಂಚುಗಳನ್ನು ಸೇರಿಸುವ ಗೆರೆ ನಾಲ್ಕನೇ ಸೊಂಟಗಂಟಿನ ಹತ್ತಿರ ಹೋಗುತ್ತದೆ, ಅಲ್ಲಿಂದ ಐದು ಮೇಲೆ. ಎರಡೂ ಲೆಕ್ಕ ಒಂದೇ ಕಡೆ ಬಂದರೆ ಸರಿ. ಬಾರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಒಂದು ಗಂಟು ಆಚೀಚೆ ಆಗುವುದು ಅನುಭವ ಇರುವವರಿಗೂ ಮಾಮೂಲಿ.

ನಿದ್ದೆಗಣ್ಣು

ನಮ್ಮ ಮನೆಯವರಿಗೂ ಇದೇ ಕಥೆ, ಅವರಿಗೆ ನಾನೇ ಒತ್ತುವವಳು, ಒಂದು ವರ್ಷದಿಂದ.

ಮೊದಲ ಸಲ ಎಣಿಸಿ ಎಣಿಸಿ ಬಾಲ್ ಪೆನ್ನಿನಲ್ಲಿ ಎರಡು ಚುಕ್ಕೆ ಇಟ್ಟೆ. ಅವರ ಬೆನ್ನು ತುಂಬ ದಪ್ಪ, ಗಂಟುಗಳು ಕೈಗೆ ಸಿಗುವುದೇ ಇಲ್ಲ. ಸ್ವಲ್ಪ ಮುಂದೆ ಬಾಗಿ ಅಂದ ಮೇಲೆ ಒಂದೊಂದೇ ಮಣಿ ಎದ್ದು ಕಾಣಿಸಿತು. ಚುಕ್ಕೆ ಮೇಲೆ ಒತ್ತಿದರೆ ‘ಏನೂ ಇಲ್ಲ’ ಅಂದರು. ಹಾಗೇ ಹೆಬ್ಬೆರಳು ಅರ್ಧ ಇಂಚು ಕೆಳಗೆ ಜಾರಿಸಿದೆ ನೋಡಿ, ‘ಹಾ, ಅಲ್ಲೇ ಅಲ್ಲೇ’ ಅಂತ ಉಸಿರು ಬಿಟ್ಟರು. ಬಲಗಡೆ ಒಂದು ಗಟ್ಟಿ ಗಂಟಿನ ಹಾಗೆ ಸಿಕ್ಕಿತು, ಎಡಗಡೆ ಮೆತ್ತಗಿತ್ತು. ಅದು 20 ಆಗಿತ್ತೋ 21 ಆಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ, ಅವರಿಗಂತೂ ಆರಾಮ ಆಯಿತು.

ಒಂದು ತಪ್ಪು ಮಾತ್ರ ನೀವು ಮಾಡಬೇಡಿ. ಊಟ ಆದ ಮೇಲೆ ಭಾರ ಅಂತ ಆಗಲೇ ಬೋರಲು ಮಲಗಿಸಿ ಒತ್ತಿದೆ. ತಿಂದದ್ದೆಲ್ಲ ಗಂಟಲಿಗೆ ಬಂದು ಎದೆ ಉರಿ ಹತ್ತಿ ರಾತ್ರಿಯೆಲ್ಲ ಕೂತಿದ್ದರು. ನಾನೂ ಕೂತಿದ್ದೆ, ಬೈಸಿಕೊಳ್ಳುತ್ತಾ. ಈಗ ಕುರ್ಚಿಯಲ್ಲಿ ಹಿಂದುಮುಂದಾಗಿ ಕೂರಿಸುತ್ತೇನೆ, ಒರಗುವ ಕಡೆಗೆ ಎದೆ ಕೊಟ್ಟು ಕೈ ಅದರ ಮೇಲೆ ಇಟ್ಟು ತಲೆ ವಾಲಿಸುತ್ತಾರೆ. ಊಟಕ್ಕೆ ಒಂದು ಗಂಟೆ ಮುಂಚೆ, ಇಲ್ಲ ಊಟ ಆಗಿ ಎರಡು ಗಂಟೆ ಬಿಟ್ಟು. ಉಸಿರು ಬಿಡುವಾಗ ಮೆಲ್ಲಗೆ ಭಾರ ಹಾಕುವುದು, ಎಳೆದುಕೊಳ್ಳುವಾಗ ಸಡಿಲ ಬಿಡುವುದು. ಒಂದೊಂದು ಕಡೆ ಒಂದೆರಡು ನಿಮಿಷ ಸಾಕು.

ಸ್ಟೆತೊಸ್ಕೋಪು

ಅಲೋಪಥಿ ಡಾಕ್ಟರ್ ನಾನು. ಗದರಿಸಲು ಬಂದಿಲ್ಲ, ಎರಡು ಮಾತು ಹೇಳಿ ಹೋಗುತ್ತೇನೆ.

ತೊಂದರೆ ಮುಂದೆ ಇದ್ದರೆ ಹಿಂದೆ ಯಾಕೆ ಚುಚ್ಚುವುದು ಅನ್ನುವ ಪ್ರಶ್ನೆ ಚೆನ್ನಾಗಿದೆ. ಜಠರ ಕರುಳುಗಳಿಗೆ ಹೋಗುವ ಸಿಂಪಥೆಟಿಕ್ ನರಗಳು ಬೆನ್ನುಹುರಿಯ ಎದೆಭಾಗದಿಂದಲೇ ಹೊರಡುತ್ತವೆ, ಅದೇ ಮಟ್ಟದಲ್ಲಿ ಬೆನ್ನಿನ ಚರ್ಮ, ಸ್ನಾಯುಗಳ ನರಗಳೂ ಒಳಗೆ ಸೇರುತ್ತವೆ. ಒಂದೇ ಜಂಕ್ಷನ್ನಿಗೆ ಬರುವ ಎರಡು ದಾರಿ ಅಂದುಕೊಳ್ಳಿ. ಪಿತ್ತಕೋಶದ ನೋವು ಬಲ ರೆಕ್ಕೆ ಮೂಳೆಯ ಹತ್ತಿರ ಕಾಣಿಸಿಕೊಳ್ಳುವುದು, ಪ್ಯಾಂಕ್ರಿಯಾಸ್ ನೋವು ಬೆನ್ನಿಗೆ ಇರಿದ ಹಾಗೆ ಆಗುವುದು ಇದೇ ಥರದ ಬೆರಕೆಯಿಂದ. ಹಾಗಾದರೆ ಉಲ್ಟಾ ದಾರಿಯೂ ಇರಬೇಕಲ್ಲ? ಇಲಿಗಳಲ್ಲಿ ನೋಡಿದ್ದಾರೆ: ಹೊಟ್ಟೆಯ ಚರ್ಮ ಚಿವುಟಿದರೆ ಜಠರದ ಚಲನೆ ಕಮ್ಮಿ ಆಗುತ್ತದೆ, ಪಾದ ಚಿವುಟಿದರೆ ಜಾಸ್ತಿ ಆಗುತ್ತದೆ. ಅಂದರೆ ಹೊರಗಿನ ಚುಚ್ಚು ಒಳಗೆ ತಲುಪುವುದು ಸುಳ್ಳಲ್ಲ. ಆದರೆ ಹನ್ನೊಂದನೇ ಗಂಟಿನ ಪಕ್ಕ ಸರಿಯಾಗಿ ಒಂದೂವರೆ ಸುನ್ ಜಾಗಕ್ಕೇ ಅಂಥ ವಿಶೇಷ ಇದೆ ಅನ್ನುವುದಕ್ಕೂ ಇದಕ್ಕೂ ಬಹಳ ದೂರ.

ಮನುಷ್ಯರ ಮೇಲಿನ ಪರೀಕ್ಷೆಗೆ ಬಂದರೆ, ನಿಮಗಿರುವ ತೊಂದರೆ ಮೇಲೇ 2020ರಲ್ಲಿ ಚೀನಾದಲ್ಲಿ ನಡೆದ ಒಂದು ಪ್ರಯೋಗ ಪ್ರಕಟವಾಯಿತು. 278 ಜನ, ನಾಲ್ಕು ವಾರ, 12 ಸಿಟ್ಟಿಂಗ್. ಸೂಜಿ ಗುಂಪಿನಲ್ಲಿ 83 ಪ್ರತಿಶತ ಜನರಿಗೆ ಗುಣ ಕಂಡಿತು. ಓಹೋ ಅನ್ನಬೇಡಿ, ಹೆಸರಿಗೆ ಮಾತ್ರ ಸುಳ್ಳು ಸೂಜಿ ಹಾಕಿಸಿಕೊಂಡ ಗುಂಪಿನಲ್ಲೂ ಸುಮಾರು 52 ಪ್ರತಿಶತ ಜನ ಗುಣ ಆಯಿತು ಅಂದರು. ಆ ಎರಡರ ನಡುವಿನ ವ್ಯತ್ಯಾಸ ಸೂಜಿಯದು, ಉಳಿದದ್ದು ಯಾರೋ ಗಮನ ಕೊಟ್ಟು ಸ್ವಲ್ಪ ಹೊತ್ತು ಸುಮ್ಮನೆ ಮಲಗಿಸಿದ್ದರದ್ದು, ಕಾಯಿಲೆ ತಾನಾಗಿಯೇ ಏರಿಳಿಯುವುದರದ್ದು. ಮತ್ತೆ ಅದು ಹಲವು ಪಾಯಿಂಟ್ ಸೇರಿಸಿ ಮಾಡಿದ್ದು, ಈ ಒಂದು ಪಾಯಿಂಟಿನ ಪರೀಕ್ಷೆ ಅಲ್ಲ. ಐಬಿಎಸ್ (ಪದೇ ಪದೇ ಹೊಟ್ಟೆ ನೋವು, ಭೇದಿ ಇಲ್ಲವೇ ಮಲಬದ್ಧತೆ ಬರುವ ಕರುಳಿನ ತೊಂದರೆ) ವಿಷಯದಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2012ರ ಕಾಕ್ರೇನ್ ವಿಮರ್ಶೆ ನೋಡಿದರೆ ಸುಳ್ಳು ಸೂಜಿಗಿಂತ ನಿಜ ಸೂಜಿ ಮೇಲು ಅಂತ ಕಾಣಲಿಲ್ಲ. ಆವತ್ತು ರಾತ್ರಿ ನಿಮಗೆ ಊಟ ಇಳಿದದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ, ಒಂದು ರಾತ್ರಿಯಿಂದ ತೀರ್ಮಾನಕ್ಕೆ ಬರಬೇಡಿ ಅಂತಷ್ಟೇ.

ಇದಕ್ಕಿಂತ ಮುಖ್ಯ: ತೂಕ ಇಳಿಯುತ್ತಿದ್ದರೆ, ಮಲ ಕಪ್ಪಗೆ ಟಾರಿನ ಹಾಗೆ ಹೋದರೆ, ವಾಂತಿಯಲ್ಲಿ ರಕ್ತ ಕಂಡರೆ, ನುಂಗಲು ಕಷ್ಟ ಆದರೆ, ರಕ್ತ ಕಮ್ಮಿ ಆಗಿದೆ ಅಂದರೆ ಸೂಜಿ, ಒತ್ತು ಎಲ್ಲ ಪಕ್ಕಕ್ಕಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ. ನಡೆದಾಗ, ಮೆಟ್ಟಿಲು ಹತ್ತಿದಾಗ ಮಾತ್ರ ಬರುವ ‘ಹೊಟ್ಟೆ ಭಾರ’ ಹಾರ್ಟಿನದೂ ಇರಬಹುದು. ಸಕ್ಕರೆ ಕಾಯಿಲೆ ತುಂಬ ವರ್ಷದಿಂದ ಇರುವವರಲ್ಲಿ ಜಠರವೇ ನಿಧಾನ ಆಗಿರುತ್ತದೆ, ಅದನ್ನೂ ಒಮ್ಮೆ ಕೇಳಿ.

ಕುತೂಹಲಿ ನಂ. 1

ಈ ಸೂಜಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಕೂದಲಿನ ಹಾಗೆ ತೆಳ್ಳಗೆ ಇವೆ, 0.25 ಮಿಲಿಮೀಟರ್. ನನ್ನ ಕಾಲಿಗೆ ನಾನೇ ಹಾಕಿಕೊಂಡಿದ್ದೇನೆ, ಏನೂ ಆಗಲಿಲ್ಲ. ಬೆನ್ನಿಗೆ ಕನ್ನಡಿ ಇಟ್ಟುಕೊಂಡು ಟ್ರೈ ಮಾಡೋಣ ಅಂತ ಇದ್ದೇನೆ. ಎಷ್ಟು ಆಳ ಹೋಗಬೇಕು?

ಸೂಜಿಮೊನೆ

ಬೇಡ. ದಯವಿಟ್ಟು ಬೇಡ.

ಕಾಲಿನಲ್ಲಿ ಕೆಳಗೆ ಮಾಂಸ ಇದೆ, ಮೂಳೆ ಇದೆ. ಬೆನ್ನಿನ ಈ ಜಾಗದಲ್ಲಿ ಸ್ನಾಯು ದಾಟಿದರೆ ಶ್ವಾಸಕೋಶದ ಪೊರೆ. ನಾವೇ ಇಲ್ಲಿ ನೆಟ್ಟಗೆ ಆಳಕ್ಕೆ ಇಳಿಸುವುದಿಲ್ಲ, ಸೂಜಿಯನ್ನು ಬೆನ್ನುಮೂಳೆಯ ಕಡೆಗೆ ವಾಲಿಸಿ ಓರೆಯಾಗಿ ಹಾಕುತ್ತೇವೆ, ತೆಳ್ಳಗಿರುವವರಿಗೆ ಇನ್ನೂ ಮೇಲುಮೇಲೆ. ಆ ಓರೆಯನ್ನು ಕಲಿಯುವುದಕ್ಕೇ ನಮ್ಮ ಕೈ ಮೇಲೆ ಗುರುಗಳ ಕೈ ಇಟ್ಟು ಎಷ್ಟು ದಿನ ಹಿಡಿಸಿದ್ದರು. ಕೈ ಹಿಂದಕ್ಕೆ ತಿರುಚಿ, ಕನ್ನಡಿಯಲ್ಲಿ ಎಡಬಲ ಅದಲುಬದಲಾಗಿ ಕಾಣುವಾಗ ನೀವು ಅದನ್ನು ಹೇಗೆ ಮಾಡುತ್ತೀರಿ?

ಒಂದು ತಮಾಷೆ ಹೇಳಲಾ. ಈ ಶು ಪಾಯಿಂಟ್‌ಗಳನ್ನು ಹೇಳುವ ಹಳೆಯ ಚೀನೀ ಗ್ರಂಥ ಲಿಂಗ್‌ಶು, ಅದರ 51ನೇ ಅಧ್ಯಾಯದಲ್ಲಿ ಈ ಜಾಗಗಳಿಗೆ ಬಿಸಿ ಕೊಡಬಹುದು, ಚುಚ್ಚಬಾರದು ಅಂತ ಬರೆದಿದೆ. ಹುಡುಕುವ ದಾರಿಯೂ ಅಲ್ಲೇ ಇದೆ: ಒತ್ತಿ ನೋಡು, ಒತ್ತಿದಾಗ ನೋವು ಇಳಿದರೆ ಅದೇ ಜಾಗ. ನಿದ್ದೆಗಣ್ಣು ಅಕ್ಕ ಬಾಲ್ ಪೆನ್ನಿನ ಚುಕ್ಕೆ ಬಿಟ್ಟು ಹೆಬ್ಬೆರಳು ಜಾರಿಸಿದರಲ್ಲ, ಅದು ಸುಮಾರು ಎರಡು ಸಾವಿರ ವರ್ಷ ಹಳೆಯ ವಿಧಾನ!

ಸ್ಟೆತೊಸ್ಕೋಪು

ಮೇಲಿನವರ ಮಾತಿಗೆ ನನ್ನದೂ ಸಹಿ. ಬೆನ್ನಿನ ಕಡೆ ಶ್ವಾಸಕೋಶದ ಪೊರೆ ಹನ್ನೆರಡನೇ ಎದೆಗಂಟಿನ ಮಟ್ಟದವರೆಗೂ ಇಳಿದಿರುತ್ತದೆ, ಜನ ಅಂದುಕೊಂಡಿರುವುದಕ್ಕಿಂತ ತುಂಬ ಕೆಳಗೆ. ಅದು ತೂತಾದರೆ ಗಾಳಿ ಸೇರಿ ಶ್ವಾಸಕೋಶ ಕುಗ್ಗುತ್ತದೆ, ನ್ಯುಮೋಥೊರಾಕ್ಸ್ ಅನ್ನುತ್ತಾರೆ. ಸೂಜಿ ತೆಳ್ಳಗಿದ್ದರೂ ಆಗುತ್ತದೆ. ಕೆಲವೊಮ್ಮೆ ಆಗಲೇ ಗೊತ್ತಾಗುವುದಿಲ್ಲ, ಮನೆಗೆ ಹೋದ ಮೇಲೆ ಎದೆಯಲ್ಲಿ ಚುಚ್ಚಿದ ಹಾಗೆ ನೋವು, ಒಣ ಕೆಮ್ಮು, ಉಸಿರು ಸಾಲದೆ ಬರುವುದು. ಬೆನ್ನಿಗೆ ಸೂಜಿ ಹಾಕಿಸಿಕೊಂಡ ದಿನ ಹೀಗೆ ಆದರೆ ಬೆಳಗಾಗಲಿ ಅಂತ ಕಾಯಬೇಡಿ, ತುರ್ತು ವಿಭಾಗಕ್ಕೆ ಹೋಗಿ, ಸೂಜಿ ವಿಷಯವನ್ನು ಮುಚ್ಚಿಡದೆ ಹೇಳಿ.

ಕಲಿತವರ ಕೈಯಲ್ಲಿ ಇದು ಅಪರೂಪ. ಹೆದರಿಸುತ್ತಿಲ್ಲ. ಒಬ್ಬರಿಗೆ ಬಳಸಿ ಬಿಸಾಡುವ ಸೂಜಿಯೇ ಅಂತ ನೋಡಿಕೊಳ್ಳಿ, ಪ್ಯಾಕೆಟ್ ನಿಮ್ಮ ಎದುರಿಗೇ ಹರಿಯಬೇಕು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲೇ ಹೇಳಿಬಿಡಬೇಕು.

ಕುತೂಹಲಿ ನಂ. 1

ಆಯ್ತು ಆಯ್ತು, ಬೈಬೇಡಿ. ಪ್ಯಾಕೆಟ್ ತೆಗೆದಿಟ್ಟೆ. ಹಾಗಾದರೆ ಟೆನಿಸ್ ಬಾಲ್ ಗೋಡೆಗಿಟ್ಟು ಒರಗಿದರೆ?

ನಿದ್ದೆಗಣ್ಣು

ಅದು ನಡೆಯುತ್ತದೆ, ಆದರೆ ಮೆತ್ತಗೆ. ಒಂದೇ ಬಾಲ್ ಇಟ್ಟರೆ ಜಾರಿ ಬೆನ್ನುಮೂಳೆಗೇ ಬರುತ್ತದೆ. ಎರಡನ್ನು ಒಂದು ಕಾಲುಚೀಲದಲ್ಲಿ ಹಾಕಿ ನಡುವೆ ಗಂಟು ಬಿಗಿಯಿರಿ, ಆ ಗಂಟು ಬೆನ್ನುಮೂಳೆಯ ಮೇಲೆ ಬರಬೇಕು, ಬಾಲ್‌ಗಳು ಎರಡು ಪಕ್ಕ ಸ್ನಾಯುವಿನ ಮೇಲೆ ಕೂರುತ್ತವೆ. ನೆಲದ ಮೇಲೆ ಮಲಗಿ ಮಾಡಬೇಡಿ, ಇಡೀ ಮೈಭಾರ ಬೀಳುತ್ತದೆ. ನಮ್ಮ ತಮ್ಮ ಹಾಗೆ ಮಾಡಿ ಕೊನೆಯ ಪಕ್ಕೆಲುಬು ಕಂದಿ ಒಂದು ವಾರ ನಗಲೂ ಆಗುತ್ತಿರಲಿಲ್ಲ. ಗೋಡೆಗೆ ಒರಗಿದರೆ ಮಂಡಿ ಬಗ್ಗಿಸಿ ಭಾರ ಎಷ್ಟು ಬೇಕೋ ಅಷ್ಟೇ ಹಾಕಬಹುದು. ಮೂಳೆ ಸವೆತ ಇರುವವರು, ವಯಸ್ಸಾದವರು ಬಾಲ್ ಬೇಡ, ಬಿಸಿನೀರಿನ ಚೀಲ ಬಟ್ಟೆ ಸುತ್ತಿ ಇಟ್ಟುಕೊಂಡರೆ ಸಾಕು.

ಅರೆಹೊಟ್ಟೆ

ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಆರು ಸಿಟ್ಟಿಂಗ್ ಆಗಿದೆ. ಮನೆಯಲ್ಲಿ ಅಕ್ಕ ಒತ್ತುತ್ತಾಳೆ, ಸಂಜೆ ಹೊತ್ತು, ಕುರ್ಚಿಯಲ್ಲಿ ಹಿಂದುಮುಂದಾಗಿ ಕೂತು. ಮೇಲಿನಿಂದ ಎಣಿಸಿದರೆ ಒಂದು ಕಡೆ, ಕೆಳಗಿನಿಂದ ಎಣಿಸಿದರೆ ಒಂದು ಬೆರಳು ಕೆಳಗೆ ಬಂತು, ಇಬ್ಬರೂ ಜಗಳ ಆಡಿ ಎರಡರ ನಡುವೆ ಒತ್ತುತ್ತಿದ್ದೇವೆ. ಒಳ್ಳೆಯ ನೋವು, ಒತ್ತಿದರೆ ಕಿರುಚಬೇಕು ಅನ್ನಿಸುವುದಿಲ್ಲ, ಇನ್ನೂ ಸ್ವಲ್ಪ ಅಂತ ಕೇಳಬೇಕು ಅನ್ನಿಸುತ್ತದೆ. ಒಂದೊಂದು ದಿನ ಒತ್ತುವಾಗಲೇ ಹೊಟ್ಟೆಯಲ್ಲಿ ಗುಳುಗುಳು ಸದ್ದು ಬರುತ್ತದೆ, ಅವಳಿಗೆ ನಗು.

ಈ ಮೂರು ವಾರದಲ್ಲಿ ದಿನಾ ಊಟ ಆದ ಮೇಲೆ ಭಾರ ಎಷ್ಟು ಅಂತ ಹತ್ತಕ್ಕೆ ಅಂಕ ಹಾಕಿ ಡೈರಿಯಲ್ಲಿ ಬರೆದೆ. ಮೊದಲ ವಾರ ಏಳು ಎಂಟು, ಈಗ ನಾಲ್ಕು ಐದು. ಆದರೆ ಡಾಕ್ಟರ್ ಸಾಹೇಬರು ಹೇಳಿದ್ದು ತಲೆಯಲ್ಲಿ ಕೂತಿದೆ, ಯಾಕೆಂದರೆ ಇದೇ ಮೂರು ವಾರದಲ್ಲಿ ನಾನು ಒಂದೇ ಸಲ ಹೊಟ್ಟೆ ತುಂಬಾ ತಿನ್ನುವುದು ಬಿಟ್ಟು ಸ್ವಲ್ಪ ಸ್ವಲ್ಪ ಐದು ಸಲ ತಿನ್ನುತ್ತಿದ್ದೇನೆ, ರಾತ್ರಿ ಊಟ ಬೇಗ ಮುಗಿಸುತ್ತಿದ್ದೇನೆ, ಮಾತ್ರೆನೂ ನಡೆದಿದೆ. ಯಾವುದರಿಂದ ಕಮ್ಮಿ ಆಯಿತು ಅಂತ ಹೇಗೆ ಹೇಳಲಿ? ಮಧ್ಯೆ ನಾಲ್ಕು ದಿನ ಅಕ್ಕ ಇರಲಿಲ್ಲ, ಒತ್ತಿಸಿಕೊಳ್ಳಲಿಲ್ಲ, ಅಂಕ ಐದರಿಂದ ಆರಕ್ಕೆ ಹೋಯಿತು. ಅದೂ ಅವಳಿಲ್ಲದಾಗ ನಾನು ಸಿಕ್ಕಾಪಟ್ಟೆ ತಿಂದದ್ದರಿಂದ ಇರಬಹುದು.

ತೂಕ ನೋಡಿಸಿದೆ, ಇಳಿದಿಲ್ಲ. ‘ಸ್ಪ್ಲೀನ್ ವೀಕ್’ ಅಂದವರ ಹತ್ತಿರ ‘ಅಂದರೆ ಜೀರ್ಣಶಕ್ತಿ ಅಂತ ತಾನೇ?’ ಅಂತ ಕೇಳಿದೆ. ‘ಮತ್ತಿನ್ನೇನು’ ಅಂದರು, ನಾನೇ ದಡ್ಡ ಅನ್ನುವ ಹಾಗೆ. ಸೂಜಿ ಓರೆಯಾಗಿಯೇ ಹಾಕುತ್ತಾರೆ, ಫೋನಿನಲ್ಲಿ ಫೋಟೊ ತೆಗೆಸಿ ನೋಡಿಕೊಂಡೆ.

12 ಸಿಟ್ಟಿಂಗ್ ಮುಗಿಸಿ ಒಂದು ತಿಂಗಳು ಬಿಟ್ಟು ನೋಡುತ್ತೇನೆ. ಅಷ್ಟರವರೆಗೆ ಒಂದು ಸಣ್ಣ ಪ್ರಶ್ನೆ: ಈ ಬಾಲ್ ಪೆನ್ನಿನ ಚುಕ್ಕೆ ಸೋಪಿಗೆ ಹೋಗುತ್ತಿಲ್ಲ, ಬಿಳಿ ಬನಿಯನ್ನಿಗೆಲ್ಲ ಹತ್ತಿದೆ.

ನಿದ್ದೆಗಣ್ಣು

ಒಂದು ಹನಿ ಎಣ್ಣೆ ಹಚ್ಚಿ ಹತ್ತಿಯಲ್ಲಿ ಒರೆಸಿ, ಹೋಗುತ್ತದೆ. ಬನಿಯನ್ನಿಗೆ ಮಾತ್ರ ನನ್ನ ಹತ್ತಿರ ಉಪಾಯ ಇಲ್ಲ.